ಬ್ರಿಜ್ಜಿನ ಮುಂದೆ ಒಂದು ‘ಅಡ್ಡಿಲ್ಲ’

ನಮ್ಮ ಹೋಟೆಲಿಗೂ ರೈಲ್ವೆ ಬ್ರಿಜ್ಜಿಗೂ ನಡುವೆ ಇರುವುದು ಒಂದು ಪಾನ್ ಅಂಗಡಿ, ಬೀಗದ ಕೈ ಮಾಡುವವನ ಒಂದು ಗೂಡು, ಆಮೇಲೆ ಒಂದು ಅಶ್ವತ್ಥದ ಮರ. ಮುಂಬಯಿಯ ಚೆಂಬೂರಿನ ಈ ರಸ್ತೆಗೆ ನಾನು ಮದುವೆಯಾಗಿ ಬಂದು ಮೂವತ್ತು ವರ್ಷದ ಮೇಲಾಯಿತು. ಬ್ರಿಜ್ಜಿನ ಮೇಲೆ ಲೋಕಲ್ ಹೋಗುತ್ತದೆ, ಕೆಳಗೆ ಮಿಕ್ಕಿದ್ದೆಲ್ಲ ಹೋಗುತ್ತದೆ. ಎತ್ತರದ ಲಾರಿಗಳು ಮಾತ್ರ ಹೋಗುವುದಿಲ್ಲ. ಅವು ಸಿಕ್ಕಿಹಾಕಿಕೊಳ್ಳುತ್ತವೆ.

ಆ ಸದ್ದು ನಮಗೆಲ್ಲ ಚೆನ್ನಾಗಿ ಗೊತ್ತು. ಮೊದಲು ಧಡ್ ಅಂತ ಒಂದು, ಆಮೇಲೆ ತಗಡು ಉಜ್ಜಿದ ಕಿರುಗುಟ್ಟುವಿಕೆ, ಹಿಂದೆಯೇ ಹಾರ್ನುಗಳ ಮೇಳ. ಹೊಸ ಗಿರಾಕಿಯಾದರೆ ಕೈ ತೊಳೆಯದೆ ಬಾಗಿಲಿಗೆ ಓಡುತ್ತಾನೆ. ಹಳೆಯ ಗಿರಾಕಿ ಇಡ್ಲಿ ಮುರಿಯುತ್ತಾ “ಲಾರಿಯೋ, ಟೆಂಪೋವೋ?” ಎಂದು ಕೇಳಿ ಚಟ್ನಿಗೆ ಬಟ್ಟಲು ಮುಂದೆ ಮಾಡುತ್ತಾನೆ. ಹತ್ತಿಯ ಮೂಟೆ, ಪ್ಲೈವುಡ್, ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳು, ಮದುವೆ ಮಂಟಪದ ಕಮಾನು, ಏನೇನೆಲ್ಲ ಅಲ್ಲಿ ಸಿಕ್ಕಿಬಿದ್ದದ್ದನ್ನು ನೋಡಿದ್ದೇನೆ. ಡ್ರೈವರುಗಳು ಬೇರೆ ಬೇರೆ, ಆದರೆ ಎಲ್ಲರೂ ಮಾಡುವುದು ಒಂದೇ ಕೆಲಸ. ಇಳಿಯುತ್ತಾರೆ, ಸೊಂಟದ ಮೇಲೆ ಕೈಯಿಟ್ಟು ತಲೆ ಎತ್ತಿ ಮೇಲೆ ನೋಡುತ್ತಾರೆ. ಊರೆಲ್ಲ ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಆಮೇಲೆ ನೀರು ಕೇಳಿಕೊಂಡು ನಮ್ಮಲ್ಲಿಗೆ ಬರುತ್ತಾರೆ.

ಹಾಗಂತ ಅವರನ್ನೇ ಪೂರ್ತಿ ಬೈಯುವ ಹಾಗೂ ಇಲ್ಲ. ನಾನು ಬಂದಾಗ ನಮ್ಮ ಹೋಟೆಲಿಗೆ ಮೂರು ಮೆಟ್ಟಿಲು ಹತ್ತಬೇಕಿತ್ತು. ಪ್ರತಿ ಮಳೆಗಾಲ ರಸ್ತೆ ಕಿತ್ತುಹೋಗುತ್ತದೆ, ಪ್ರತಿ ಮಳೆಗಾಲದ ನಂತರ ಹಳೆ ಡಾಂಬರಿನ ಮೇಲೆ ಹೊಸ ಡಾಂಬರು ಬೀಳುತ್ತದೆ. ಈಗ ರಸ್ತೆ ನೇರವಾಗಿ ನಮ್ಮ ಹೊಸ್ತಿಲಿಗೇ ಬಂದಿದೆ. ರಸ್ತೆ ಏರಿತು, ಬ್ರಿಜ್ಜು ಏರಲಿಲ್ಲ. ಅದರ ಮುಂದೆ ಕಬ್ಬಿಣದ ಕಮಾನೊಂದಿತ್ತು, ಎತ್ತರದ ಲಾರಿಯನ್ನು ಮೊದಲೇ ತಡೆಯಲಿ ಅಂತ. ಅದನ್ನೂ ಯಾವನೋ ಗುದ್ದಿ ಬೀಳಿಸಿದ. ಉಳಿದದ್ದು ಎರಡು ಕಂಬ ಮಾತ್ರ. ಒಂದು ಕಂಬಕ್ಕೆ ಎತ್ತರ ಬರೆದ ಹಲಗೆಯಿದೆ, ಅದರ ಮೇಲೆ ಯಾವಾಗಲೂ ಯಾವನಾದರೊಬ್ಬ ಗಲ್ಲಿ ಲೀಡರನ ಹುಟ್ಟುಹಬ್ಬದ ಬ್ಯಾನರ್ ಇರುತ್ತದೆ. ಇಷ್ಟು ಜನ ಇಷ್ಟು ಸಲ ಹೇಗೆ ಹುಟ್ಟುತ್ತಾರೋ ದೇವರಿಗೇ ಗೊತ್ತು.

ಇನ್ನು ನಮ್ಮವರ ವಿಷಯ. ಇವರು ಕುಂದಾಪುರದ ಕಡೆಯವರು. ಹುಡುಗರಾಗಿದ್ದಾಗ ಮುಂಬಯಿಗೆ ಬಂದರು, ಆದರೆ ನಾಲಿಗೆ ಮಾತ್ರ ಊರು ಬಿಟ್ಟು ಬರಲಿಲ್ಲ. ಅವರ ಬಾಯಲ್ಲಿ ಎಲ್ಲದಕ್ಕೂ ಒಂದೇ ಮಾತು, ‘ಅಡ್ಡಿಲ್ಲ’. ಕಾಫಿ ಹೇಗಿದೆ? ಅಡ್ಡಿಲ್ಲ. ಜ್ವರ ಹೇಗಿದೆ? ಅಡ್ಡಿಲ್ಲ. ಗಿರಾಕಿ ಗ್ಲಾಸು ಒಡೆದು ಸಾರಿ ಅಂದರೂ ಅಡ್ಡಿಲ್ಲ, ಹಾಲಿನವನು ಒಂದು ಗಂಟೆ ತಡವಾಗಿ ಬಂದರೂ ಅಡ್ಡಿಲ್ಲ. ಮಾಟುಂಗದ ನಮ್ಮ ಮನೆಗೆ ನನ್ನನ್ನು ನೋಡಲು ಬಂದಿದ್ದಾಗ ಅವರ ತಾಯಿ ಮೆಲ್ಲಗೆ “ಹೆಣ್ ಹ್ಯಾಂಗಿತ್?” ಎಂದು ಕೇಳಿದರು. ಒಳಗಿನ ಬಾಗಿಲಿಗೆ ಕಿವಿಯಾನಿಸಿಕೊಂಡು ನಿಂತಿದ್ದ ನನಗೆ ಉತ್ತರ ಸ್ಪಷ್ಟವಾಗಿ ಕೇಳಿಸಿತು. “ಅಡ್ಡಿಲ್ಲ.”

ನನಗೆ ಮೈಯೆಲ್ಲ ಉರಿಯಿತು. ಯಾಕೆಂದರೆ ನಾನು ಬೆಳೆದ ಕಟ್ಟಡದಲ್ಲಿ ಕರಾವಳಿಯವರೂ ಇದ್ದರು, ಧಾರವಾಡದ ಕಡೆಯವರೂ ಇದ್ದರು. ಎರಡೂ ಕನ್ನಡ ನನ್ನ ಕಿವಿಗೆ ಬಿದ್ದಿತ್ತು. ಕೆಳಗಿನ ಮನೆಯ ಧಾರವಾಡದ ಅಜ್ಜಿಗೆ ಅಡ್ಡಿ ಅಂದರೆ ಅಡ್ಡಿಯೇ, ದಾರಿಗೆ ಅಡ್ಡ ಬರುವ ವಸ್ತು. ಅಡ್ಡಿ ಇಲ್ಲ ಅಂದರೆ ದಾರಿ ಖಾಲಿಯಿದೆ, ಹೋಗಬಹುದು ಎಂದರ್ಥ. ನಾನೇನು ರಸ್ತೆಯೇ? ಕುಂದಾಪುರದಲ್ಲಿ ಅದು ಒಳ್ಳೆಯ ಮಾತು, ಹೊಗಳಿಕೆ ಎಂದು ಆಮೇಲೆ ನನಗೆ ಎಲ್ಲರೂ ವಿವರಿಸಿದರು. ಮದುವೆಯಾಯಿತು. ಆ ಸಿಟ್ಟು ಪೂರ್ತಿ ಇಳಿದಿದೆ ಎಂದರೆ ಸುಳ್ಳಾಗುತ್ತದೆ.

ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ನನಗೆ ಅರ್ಥವಾದದ್ದು ಇಷ್ಟು. ಅವರಿಗೆ ಜಗಳ ಬೇಡ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಯಾರೇನು ಕೇಳಿದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದು ಅಡ್ಡಿಲ್ಲ ಇಟ್ಟು ಕೈತೊಳೆದುಕೊಳ್ಳುತ್ತಾರೆ. ಹಾಗಾಗಿ ಅವರ ಮಾತನ್ನು ಮನೆಯಲ್ಲಿ, ಹೋಟೆಲಿನಲ್ಲಿ ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಡುಗೆಯ ಭಟ್ಟರು ಅಕ್ಕಿ ಇದೆಯಾ ಎಂದು ಅವರನ್ನು ಕೇಳುತ್ತಾರೆ, ಆಮೇಲೆ ಬಂದು ನನ್ನನ್ನೂ ಕೇಳುತ್ತಾರೆ. ಗ್ಯಾಸಿನವನೂ ಹಾಗೆಯೇ. ನಾನಂತೂ ಡಬ್ಬದ ಮುಚ್ಚಳ ತೆಗೆದು ನೋಡಿದ ಮೇಲೆಯೇ ನಂಬುವುದು.

ಟ್ರೇಲರಿನ ಡ್ರೈವರೊಬ್ಬ ನಮ್ಮಲ್ಲಿಗೆ ಬಂದದ್ದು ಎರಡು ಮೂರು ವರ್ಷದ ಹಿಂದೆ, ಮಳೆ ನಿಂತು ಚುರುಕು ಬಿಸಿಲು ಬಿದ್ದ ಒಂದು ಮಧ್ಯಾಹ್ನ. ನಮ್ಮ ಬೋರ್ಡಿನ ಮೂಲೆಯಲ್ಲಿ ಕನ್ನಡದಲ್ಲೂ ಹೆಸರು ಬರೆಸಿದ್ದೇವೆ. ಅದನ್ನು ಓದಿ, ಇಷ್ಟುದ್ದದ ಗಾಡಿಯನ್ನು ನಮ್ಮ ಬಾಗಿಲಿಗೆ ಅಡ್ಡ ನಿಲ್ಲಿಸಿ ಒಳಗೆ ಬಂದ. ಗಾಡಿಯ ಮೇಲೆ ಕಂಟೇನರ್ ಅನ್ನುವ ಕಬ್ಬಿಣದ ಡಬ್ಬ, ಮಾಮೂಲಿಗಿಂತ ಎತ್ತರದ್ದು. ಡ್ರೈವರಿಗೆ ನಲವತ್ತರ ಆಸುಪಾಸು, ಹೆಗಲ ಮೇಲೆ ಚೌಕಳಿ ಟವೆಲು, ಮುಖದ ತುಂಬ ನಗು.

“ಅಕ್ಕಾರ, ರೊಟ್ಟಿ ಐತೇನ್ರಿ?” ಎಂದು ನನ್ನನ್ನು ಕೇಳಿದ.

“ಇಲ್ಲಪ್ಪಾ, ರೈಸ್ ಪ್ಲೇಟ್ ಇದೆ,” ಅಂದೆ.

“ಕನ್ನಡದಾಗ ಇಲ್ಲ ಅಂದ್ರೂ ಹೊಟ್ಟಿ ತುಂಬ್ತದ್ರಿ,” ಎಂದು ಕೂತುಬಿಟ್ಟ.

ವಿಜಯಪುರದ ಕಡೆಯವನು. ಉಣ್ಣುತ್ತಾ ತನ್ನ ಕಥೆ ಹೇಳಿದ. ವರ್ಷಗಟ್ಟಲೆ ಕ್ಲೀನರಾಗಿ ಬೇರೆಯವರ ಗಾಡಿ ಒರೆಸಿದವನು, ಆಮೇಲೆ ಟೆಂಪೋ ಹೊಡೆದವನು. ಆ ವರ್ಷವಷ್ಟೇ ದೊಡ್ಡ ಟ್ರೇಲರಿನ ಸ್ಟೇರಿಂಗ್ ಕೈಗೆ ಬಂದಿತ್ತು. ಬೇಸಿಗೆಯಲ್ಲಿ ಒಂದು ಪೆಟ್ರೋಲ್ ಪಂಪಿನ ಚಾವಣಿಗೆ ಡಬ್ಬದ ಮೂಲೆ ತಾಗಿಸಿಬಿಟ್ಟನಂತೆ. ಗಾಡಿಯ ಮಾಲೀಕ ಸೇಠ್ ಕರೆದು, ಇನ್ನೊಂದು ಸಲ ಹೀಗಾದರೆ ಕೀಲಿ ಕೊಟ್ಟು ಊರಿಗೆ ಹೋಗು ಎಂದಿದ್ದರಂತೆ. “ಅದಕ್ಕಽ ಈಗ ನಾ ಎಲ್ಲಾರನ್ನೂ ಕೇಳ್ಕೋತ ಹೋಗ್ತೀನ್ರಿ ಅಕ್ಕಾರ. ಮೊಬೈಲಿನ ಮ್ಯಾಪಿಗಿ ಹಾದಿ ಗೊತ್ತು, ಎತ್ತರ ಗೊತ್ತಿಲ್ಲ,” ಎಂದು ನಕ್ಕ. ಟ್ರೇಲರಿನ ಬಗ್ಗೆ ಮಾತಾಡುವಾಗ ಅವನ ಮುಖ ನೋಡಬೇಕಿತ್ತು. ಹೊಸ ಎಮ್ಮೆ ಕೊಂಡವರು ಹಾಲಿನ ಬಗ್ಗೆ ಮಾತಾಡುವ ಹಾಗೆ ಮಾತಾಡಿದ. ನನಗೆ ಅವನು ಹಿಡಿಸಿದ. ಅಷ್ಟರಲ್ಲಿ ಭಟ್ಟರು ಒಳಗಿನಿಂದ ಕೂಗಿದರು, ನಾನು ಅಡುಗೆಮನೆಗೆ ಹೋದೆ.

ಅಲ್ಲಿ ಸಾಂಬಾರಿನ ಉಪ್ಪು ನೋಡುತ್ತಿದ್ದಾಗಲೇ ಧಡ್ ಅಂತ ಆಯಿತು. ಪಾತ್ರೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಭಟ್ಟರು “ಲಾರಿ” ಅಂದರು. ನಾನು ಮಾತ್ರ ಸೌಟು ಅಲ್ಲೇ ಬಿಟ್ಟು ಓಡಿದೆ. ಆ ಹೊತ್ತಿಗೆ ಆ ರಸ್ತೆಯಲ್ಲಿ ಹೊರಟ ಎತ್ತರದ ಗಾಡಿ ಯಾವುದೆಂದು ನನಗೆ ಗೊತ್ತಿತ್ತಲ್ಲ.

ಹೊರಗೆ ಬಂದು ನೋಡಿದರೆ ಟ್ರೇಲರಿನ ಮುಂಭಾಗ ಬ್ರಿಜ್ಜಿನ ಕೆಳಗೆ ಹೋಗಿದೆ, ಡಬ್ಬ ತುದಿಯಲ್ಲೇ ಕಚ್ಚಿ ನಿಂತಿದೆ. ಎರಡೂ ಕಡೆ ಬಸ್ಸು, ರಿಕ್ಷಾ, ಬೈಕುಗಳು. ಮೇಲೆ ಲೋಕಲ್ಲೂ ನಿಂತಿತ್ತು, ಬಾಗಿಲಲ್ಲಿ ಜೋತುಕೊಂಡವರು ಬಗ್ಗಿ ಬಗ್ಗಿ ನೋಡುತ್ತಿದ್ದರು. ಡ್ರೈವರು ಮೇಲೆ ನೋಡುತ್ತಾ ನಿಂತಿರಲಿಲ್ಲ. ನೇರವಾಗಿ ನಮ್ಮ ಹೋಟೆಲಿಗೆ ನಡೆದು ಬಂದು ಇವರು ಕೂತಿದ್ದ ಗಲ್ಲಾದ ಎದುರು ನಿಂತ.

“ಮಾಲಕ್ರ, ನೀವು ಅಡ್ಡಿ ಇಲ್ಲ ಅಂದ್ರಿ,” ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ಅರ್ಥವಾಗದವನು ಕೇಳಿದ ಹಾಗಿತ್ತು.

ಇವರು ಗಾಬರಿಯಾಗಿ ಎದ್ದು ನಿಂತರು. “ನಾನಾ? ನಾ ಎಂತ ಹೇಳ್ದೆ ಮಾರಾಯ್ರೆ? ಗಾಡಿ ಅಡ್ಡ ನಿಲ್ಸಿದ್ದಕ್ಕೆ ಸಿಟ್ಟಾಗ್ಬೇಡಿ ಅಂದ್ರಿ, ಅಡ್ಡಿಲ್ಲ ಅಂದೆ.”

“ಅದು ಮೊದಲ್ರಿ. ಆಮ್ಯಾಲ ಕೇಳಿದ್ನಲ್ರಿ, ಮುಂದ ಬ್ರಿಜ್ಜಿಗಿ ನಮ್ಮ ಗಾಡಿಗಿ ಏನರ ಅಡ್ಡಿ ಐತೇನು ಅಂತ. ಆವಾಗೂ ಅಡ್ಡಿಲ್ಲ, ಅಡ್ಡಿಲ್ಲ ಅಂತ ಎರಡ ಸಲ ಅಂದ್ರಿ.”

ನಡೆದದ್ದು ಏನೆಂದು ನನಗೆ ಆಗ ಹೊಳೆಯಿತು. ಅವನು ಹಾಗೆ ಕೇಳುವಾಗ ಇವರ ಕಿವಿಗೆ ಫೋನಿತ್ತು, ನಾನು ಒಳಗೆ ಹೋಗುವಾಗಲೇ ನೋಡಿದ್ದೆ. ಆ ಕಡೆ ಊರಿನಿಂದ ಇವರ ಅಕ್ಕ, ಈ ಸಲ ಮುಂಬಯಿಗೆ ಬರಲಾಗುವುದಿಲ್ಲ ಅನ್ನುತ್ತಿದ್ದರು. ಆ ಎರಡು ಅಡ್ಡಿಲ್ಲ ಅಕ್ಕನಿಗೆ ಹೋಗಬೇಕಾದವು. ಕೇಳಿಸಿಕೊಂಡವನು ಡ್ರೈವರು. ಅವನ ಕನ್ನಡದಲ್ಲಿ ಅಡ್ಡಿ ಇಲ್ಲ ಅಂದರೆ ದಾರಿ ಖಾಲಿಯಿದೆ ಎಂದೇ. ಬೇರೆ ಯಾವ ಭಾಷೆಯವನಾಗಿದ್ದರೂ ಈ ಮಾತು ಅವನಿಗೆ ತಾಗುತ್ತಿರಲಿಲ್ಲ. ಹಿಂದಿಯಲ್ಲಿ ಕೇಳಿದ್ದರೆ ಇವರು ಫೋನ್ ಕೆಳಗಿಟ್ಟು ಯೋಚಿಸಿ ಹೇಳುತ್ತಿದ್ದರು. ಕನ್ನಡವೇ ಆಗಿ ಕೆಟ್ಟಿತು.

ಇಬ್ಬರನ್ನೂ ಕೂರಿಸಿ ಬಿಡಿಸಿ ಹೇಳಿದೆ. ಡ್ರೈವರು ಟವೆಲಿನಿಂದ ಮುಖ ಒರೆಸಿಕೊಂಡು, “ಹಂಗಾರ ನಿಮ್ಮ ಕಡೆ ಅಡ್ಡಿಲ್ಲ ಅಂದ್ರ ಏನೂ ಅಲ್ಲೇನ್ರಿ?” ಎಂದು ಕೇಳಿದ. ಪಾಪ, ಅಷ್ಟು ಸರಿಯಾಗಿ ನಾನೂ ಅದನ್ನು ಎಂದೂ ಹೇಳಿರಲಿಲ್ಲ. ಇವರು ಮಾತ್ರ ಒಳಗೆ ಹೋಗಿ ಅವನಿಗೊಂದು ಚಹಾ ತಂದಿಟ್ಟರು. ನನಗೆ ಕೆಟ್ಟ ಸಿಟ್ಟು ಬಂತು. ಮನುಷ್ಯನ ಅನ್ನ ಹೋಗುವ ಹೊತ್ತಿನಲ್ಲಿ ಚಹಾ!

ಅಷ್ಟರಲ್ಲಿ ಟ್ರಾಫಿಕ್ ಹವಾಲ್ದಾರ ಬಂದ. ಅವನ ಹಿಂದೆ ಸಲಹೆ ಕೊಡುವವರ ದಂಡು. ಮುಂದಕ್ಕೆ ಎಳೆಯಿರಿ ಎಂದು ಒಬ್ಬ, ಹಿಂದಕ್ಕೆ ಎಳೆಯಿರಿ ಎಂದು ಇನ್ನೊಬ್ಬ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ. ಕೊನೆಗೆ ಎಂದಿನಂತೆ ಚಕ್ರಗಳ ಗಾಳಿ ಇಳಿಸಿದರು. ಗಾಳಿ ಹೋದ ಹಾಗೆ ಅಷ್ಟು ದೊಡ್ಡ ಗಾಡಿ ಮೆಲ್ಲಗೆ ಕುಗ್ಗಿತು, ಡಬ್ಬ ಬ್ರಿಜ್ಜಿನಿಂದ ಬಿಟ್ಟುಕೊಂಡಿತು. ಡ್ರೈವರು ಇಂಚಿಂಚೇ ಹಿಂದೆ ತಂದು ಅಶ್ವತ್ಥದ ಮರದ ಪಕ್ಕ ನಿಲ್ಲಿಸಿದ. ರೈಲ್ವೆಯವರು ಬಂದು ಮೇಲೆ ಕೆಳಗೆ ಬಡಿದು ನೋಡಿ ಕೈಬೀಸಿದರು. ಲೋಕಲ್ ಹೊರಟಿತು, ಬಸ್ಸುಗಳು ಹೊರಟವು.

ಹವಾಲ್ದಾರ ನಮ್ಮ ಬಾಗಿಲಲ್ಲೇ ನಿಂತು ಡ್ರೈವರನ್ನು ವಿಚಾರಿಸಿದ. ಕಣ್ಣಿಲ್ಲವೇ, ಹಲಗೆ ಕಾಣಲಿಲ್ಲವೇ, ಈ ದಾರಿಯಲ್ಲಿ ಹೋಗು ಎಂದು ನಿನಗೆ ಯಾರು ಹೇಳಿದರು? ಡ್ರೈವರು ಒಂದು ಕ್ಷಣ ನಮ್ಮ ಗಲ್ಲಾದ ಕಡೆ ನೋಡಿದ. ಇವರು ಅಲ್ಲೇ ಕೂತಿದ್ದರು, ಕೈಯಲ್ಲಿ ಪೆನ್ನು ಹಿಡಿದುಕೊಂಡು. ಡ್ರೈವರು ಮುಖ ಈ ಕಡೆ ತಿರುಗಿಸಿ, “ಕೋಯೀ ನಹೀಂ ಸಾಬ್,” ಯಾರೂ ಇಲ್ಲ ಅಂದ.

ಇವರು ಪೆನ್ನು ಕೆಳಗಿಟ್ಟದ್ದನ್ನು ನಾನು ನೋಡಿದೆ. ಹವಾಲ್ದಾರ ಬೈದು, ಮಾಡಬೇಕಾದ್ದು ಮಾಡಿ ಹೋದ. ಇವರು ಕೂತಲ್ಲೇ ಇದ್ದರು.

ಸ್ವಲ್ಪ ಹೊತ್ತಿಗೆ ವಾಶಿ ಕಡೆಯಿಂದ ಟ್ರಾನ್ಸ್‌ಪೋರ್ಟಿನ ಸೂಪರ್‌ವೈಸರು ಬೈಕಿನಲ್ಲಿ ಬಂದ. ಚಿಕ್ಕ ವಯಸ್ಸಿನವನು, ಕೂಗಾಡುವ ಪೈಕಿಯಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು. ಡಬ್ಬದ ಮೂಲೆ ಜಜ್ಜಿಹೋದದ್ದನ್ನು ನೋಡಿದ, ಮೊಬೈಲಿನಲ್ಲಿ ಫೋಟೋ ತೆಗೆದ, ಡ್ರೈವರಿನ ಮುಂದೆ ಕೈ ಚಾಚಿದ. ಡ್ರೈವರು ಕೀಲಿ ಅವನ ಕೈಯಲ್ಲಿಟ್ಟ. ಸೂಪರ್‌ವೈಸರು ಅದನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಸೇಠಿಗೆ ಫೋನ್ ಹಚ್ಚಿ, ಬೇರೆ ಡ್ರೈವರನ್ನು ಕಳಿಸಿ ಎಂದು ಹೇಳತೊಡಗಿದ. ಡ್ರೈವರು ಗಾಡಿ ಹತ್ತಿ ತನ್ನ ಚೀಲ, ನೀರಿನ ಬಾಟಲಿ, ಸೀಟಿನ ಮೇಲೆ ಹಾಸಿದ್ದ ಕೌದಿ ಇಳಿಸಿಕೊಂಡ. ಕೌದಿಯನ್ನು ರಸ್ತೆಯ ಮೇಲೆ ಇಡಲು ಮನಸ್ಸಾಗದೆ ಬಗಲಲ್ಲೇ ಹಿಡಿದು ನಿಂತ.

ಪಾನ್ ಅಂಗಡಿಯವನು ಇವರಿಗೆ, “ಅಣ್ಣಾ, ನೀವು ನಡುವೆ ಹೋಗಬೇಡಿ, ಸುಮ್ಮನೆ ಲಫಡಾ,” ಎಂದು ಹಿಂದಿಯಲ್ಲಿ ಬುದ್ಧಿ ಹೇಳಿದ. ಅದು ತಪ್ಪಲ್ಲ. ನೋಡಿದರೆ ಇವರು ಆ ಮನುಷ್ಯನಿಗೆ ದಾರಿಯ ಬಗ್ಗೆ ಏನೂ ಹೇಳಿರಲೇ ಇಲ್ಲ. ಅಕ್ಕನಿಗೆ ಹೇಳಿದ್ದು. ಹಾಗೆಂದು ಹೇಳಿದರೆ ದೇವರೂ ಒಪ್ಪಬೇಕು. ನಾನು ಇವರ ಮುಖವನ್ನೇ ನೋಡುತ್ತಾ ಕೂತೆ. ಏನು ಮಾಡುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಹಾಗೆ ಗೊತ್ತಿಲ್ಲದೆ ಅವರನ್ನು ನೋಡಿದ್ದು ಅದೇ ಮೊದಲು.

ಇವರು ಎದ್ದರು. ಗಲ್ಲಾಕ್ಕೆ ಬೀಗ ಹಾಕಲಿಲ್ಲ, ಚಪ್ಪಲಿಯನ್ನೂ ಮೆಟ್ಟಲಿಲ್ಲ. ಬಿಸಿ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆದು ಸೂಪರ್‌ವೈಸರಿನ ಹತ್ತಿರ ನಿಂತರು. ನಾನೂ ಹಿಂದೆಯೇ ಹೋದೆ.

“ಗಲತಿ ಮೇರಾ ಹೈ,” ತಪ್ಪು ನನ್ನದು ಅಂದರು.

ಇವರ ಹಿಂದಿಯಲ್ಲಿ ಗಂಡಸು, ಹೆಂಗಸು, ಮೇಜು, ಕುರ್ಚಿ ಎಲ್ಲಕ್ಕೂ ಒಂದೇ ಲಿಂಗ. ಸೂಪರ್‌ವೈಸರು ಫೋನನ್ನು ಕಿವಿಯಿಂದ ಸರಿಸಿ, ಏನು ಎಂದು ಕೇಳಿದ. ಇವರು ಇನ್ನೊಂದು ಸಲ ಅದನ್ನೇ ಹೇಳಿದರು. ಅವನು ನನ್ನನ್ನು ದಾರಿ ಕೇಳಿದ, ನಾನು ಹೋಗು ಅಂದೆ, ಅದಕ್ಕೇ ಹೋದ ಎಂದರು. ಅಕ್ಕನ ಫೋನಿನ ಸುದ್ದಿಯನ್ನೇ ಎತ್ತಲಿಲ್ಲ. ಕುಂದಾಪುರ, ವಿಜಯಪುರ, ಎರಡು ಕನ್ನಡ, ಯಾವುದೂ ಇಲ್ಲ. ನಾನು ಹೋಗು ಅಂದೆ, ಅಷ್ಟೇ.

ಡ್ರೈವರು ಬಾಯಿ ತೆರೆದ. ಇವರು ಅವನ ಕಡೆ ತಿರುಗದೆ ಕೈ ಎತ್ತಿ ತಡೆದರು.

ಸೂಪರ್‌ವೈಸರಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಫೋನನ್ನೇ ಇವರ ಕೈಗೆ ಕೊಟ್ಟ. ಸ್ಪೀಕರ್ ಹಾಕಿದ್ದರಿಂದ ಸೇಠಿನ ಮಾತು ನಮಗೆಲ್ಲ ಕೇಳಿಸುತ್ತಿತ್ತು. ವಯಸ್ಸಾದ, ದಣಿದ ದನಿ. ನೀವು ಹೋಗು ಅಂದರೆ ಹೋಗಿಬಿಡುವುದೇ, ಡ್ರೈವರಿಗೆ ಸ್ವಂತ ಕಣ್ಣಿಲ್ಲವೇ ಎಂದು ಕೇಳಿದರು. ಇದೆ, ಅವನು ಕೇಳಿಯೇ ಹೋದ, ಕೇಳದೆ ಹೋಗುವವರನ್ನು ಮೂವತ್ತು ವರ್ಷದಿಂದ ಇಲ್ಲಿ ನೋಡುತ್ತಿದ್ದೇನೆ, ಕೇಳಿದವನು ಇವನೊಬ್ಬನೇ ಎಂದರು ಇವರು. ಇನ್ನೊಂದು ಸಲ ಗುದ್ದಿದರೆ ನೀವು ಜವಾಬ್ದಾರಿ ಹೊರುತ್ತೀರಾ ಎಂದು ಸೇಠ್ ಕೇಳಿದರು.

ಇಲ್ಲಿ ಇವರ ಬಾಯಿಗೆ ಏನು ಬರುತ್ತದೆ ಎಂದು ನನಗೆ ಭಯವಿತ್ತು. ಆದರೆ ಇವರು, ಮುಂದಿನದು ನನಗೆ ಗೊತ್ತಿಲ್ಲ ಸೇಠ್, ಇವತ್ತಿನದು ನನ್ನದು, ಅದಕ್ಕೆ ಅವನ ಕೀಲಿ ತೆಗೆಯಬೇಡಿ ಎಂದರು.

ಆಮೇಲೆ ಸೇಠ್ ಕೇಳಿದರು, “ವೋ ಆಪ್‌ಕಾ ಕ್ಯಾ ಲಗತಾ ಹೈ?” ಅವನು ನಿಮಗೆ ಏನಾಗಬೇಕು?

“ಹಮಾರಾ ಗಾಂವ್‌ವಾಲಾ,” ನಮ್ಮೂರಿನವ ಅಂದರು ಇವರು.

ಆ ಮನುಷ್ಯನ ಹೆಸರು ಕೂಡ ಇವರಿಗೆ ಗೊತ್ತಿರಲಿಲ್ಲ.

ಸೇಠ್ ನಿಟ್ಟುಸಿರು ಬಿಟ್ಟು, ಫೋನನ್ನು ಹುಡುಗನಿಗೆ ಕೊಡಿ ಎಂದರು. ಹುಡುಗ ಸ್ಪೀಕರ್ ತೆಗೆದು ದೂರ ಹೋಗಿ ಮಾತಾಡಿದ. ನಾವು ಮೂವರೂ ಮರದ ಕೆಳಗೆ ನಿಂತಿದ್ದೆವು. ಇವರ ಕಾಲು ಸುಡುತ್ತಿತ್ತೆಂದು ಕಾಣುತ್ತದೆ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಹಾಕುತ್ತಿದ್ದರು. ಹುಡುಗ ವಾಪಸ್ ಬಂದು ಜೇಬಿಗೆ ಕೈಹಾಕಿದ, ಕೀಲಿ ತೆಗೆದು ಡ್ರೈವರಿನ ಕೈಯಲ್ಲಿಟ್ಟ. ಗಾಳಿ ತುಂಬಿಸು, ಹೈವೇ ಹಿಡಿದು ಸುತ್ತು ಹಾಕಿ ಹೋಗು, ಇನ್ನು ಯಾರನ್ನೂ ಕೇಳಬೇಡ, ಇಳಿದು ನೀನೇ ನೋಡು ಎಂದ. ಡ್ರೈವರು ಕೀಲಿಯನ್ನು ಕಣ್ಣಿಗೊತ್ತಿಕೊಂಡು, ಇವರ ಕಾಲು ಮುಟ್ಟಲು ಬಗ್ಗಿದ. ಇವರು ಹೌಹಾರಿ ಹಿಂದೆ ಸರಿದರು.

“ಮಾಲಕ್ರ, ನನ್ನ ಸಲುವಾಗಿ ಸುಳ್ಳು ಯಾಕ ಹೇಳಿದ್ರಿ?” ಎಂದು ಅವನು ಕೇಳಿದ.

“ನೀವೂ ಹೇಳಿದ್ರಲ್ಲ, ಹವಾಲ್ದಾರನಿಗೆ,” ಅಂದರು ಇವರು, ನಡೆದು ಹೋಟೆಲಿಗೆ ಬಂದುಬಿಟ್ಟರು.

ಟ್ರೇಲರು ಗಾಳಿ ತುಂಬಿಸಿಕೊಂಡು ಹೋಗುವ ಹೊತ್ತಿಗೆ ಊಟದ ಗಿರಾಕಿಗಳೆಲ್ಲ ಮುಗಿದಿದ್ದರು. ಇವರು ಮೂಲೆಯ ಟೇಬಲಿನಲ್ಲಿ ತಣ್ಣಗಾದ ಅನ್ನ ಉಣ್ಣಲು ಕೂತರು. ನಾನು ಎದುರು ಕೂತೆ. ಹೆಮ್ಮೆಯಾಗಿತ್ತು, ಆದರೆ ಹೆಮ್ಮೆಯನ್ನು ನೇರವಾಗಿ ಹೇಳಿ ಅಭ್ಯಾಸವಿಲ್ಲ ನನಗೆ. ಕೆಣಕುವುದು ಮಾತ್ರ ಬರುತ್ತದೆ.

“ಕುಂದಾಪುರದಿಂದ ವಿಜಯಪುರಕ್ಕೆ ಹೋಗಬೇಕಾದರೆ ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕು. ನೀವು ಒಂದು ದಿನವೂ ಆ ಕಡೆ ಹೋದವರಲ್ಲ. ನಿಮ್ಮ ಮಾತು ಅವನಿಗೆ ತಿಳಿಯಲಿಲ್ಲ, ಅವನ ಮಾತು ನಿಮಗೆ ತಿಳಿಯಲಿಲ್ಲ. ಅವನು ಯಾವ ಲೆಕ್ಕದಲ್ಲಿ ನಿಮ್ಮೂರಿನವ?” ಎಂದು ಕೇಳಿದೆ.

ಇವರು ಅನ್ನ ಕಲಸಿದರು. ಎಂದಿನ ಉತ್ತರ ಬರುತ್ತದೆ ಎಂದುಕೊಂಡೆ.

“ನಾ ಒಂದ್ ಮಾತ್ ಅಂದೆ, ಅದನ್ನ ನಂಬಿ ಅವ ಅಷ್ಟ್ ದೊಡ್ಡ್ ಗಾಡಿ ಬಿಟ್ಟ,” ಎಂದರು. “ಇಲ್ಲಿ ನನ್ ಮಾತ್ ಹಂಗೆ ನಂಬುವರ್ ಬೇರೆ ಯಾರಿದ್ರ್, ನೀನೇ ಹೇಳ್.”

ತಲೆ ಎತ್ತಿ ನನ್ನ ಮುಖ ನೋಡಿದರು. ಚುಚ್ಚಿ ಹೇಳಿದ್ದಲ್ಲ, ನಿಜವಾಗಿ ಕೇಳಿದ್ದು. ಡಬ್ಬದ ಮುಚ್ಚಳ ತೆಗೆದು ನೋಡಿಯೇ ನಂಬುವ ನಾನು, ಎದ್ದು ಒಳಗೆ ಹೋಗಿ ಅವರಿಗೊಂದು ಚಹಾ ತಂದಿಟ್ಟೆ.